ಬಾಕ್ ಆಯ್ತಾ, ಇಲ್ವಾ? ಪಿಚರ್‌ನ ಕಾಲು ನೋಡಿ ತೀರ್ಮಾನಿಸುವ ಸಮಗ್ರ ಮಾರ್ಗದರ್ಶಿ

ಬೇಸ್‌ಬಾಲ್ ನೋಡುವವರು, ಮಕ್ಕಳ ಲೀಗ್‌ನಲ್ಲಿ ಅಂಪೈರ್ ಆಗಿ ನಿಲ್ಲುವ ಅಪ್ಪ ಅಮ್ಮಂದಿರು, ಹೊಸದಾಗಿ ಪಿಚಿಂಗ್ ಕಲಿಯುವ ಹುಡುಗರು, ಎಲ್ಲರೂ ಎಡವುವುದು ಒಂದೇ ಕಡೆ. ಪಿಚರ್ ಬೇಸ್ ಕಡೆ ತಿರುಗಿ ಚೆಂಡು ಎಸೆಯುತ್ತಾನೆ, ಅಥವಾ ಎಸೆಯುವ ಹಾಗೆ ಮಾಡುತ್ತಾನೆ. ಅಂಪೈರ್ ಒಮ್ಮೆ ಸುಮ್ಮನಿರುತ್ತಾರೆ. ಇನ್ನೊಮ್ಮೆ, ನೋಡಲು ಅದೇ ತರಹ ಇರುವ ಚಲನೆಗೆ ‘ಬಾಕ್’ ಅಂತ ಕೂಗುತ್ತಾರೆ. ಬಾಕ್ ಅಂದರೆ ಬೇಸ್ ಮೇಲೆ ರನ್ನರ್ ಇರುವಾಗ ಪಿಚರ್ ಮಾಡುವ, ನಿಯಮಕ್ಕೆ ವಿರುದ್ಧವಾದ ಚಲನೆ. ಅದಕ್ಕೆ ದಂಡವಾಗಿ ರನ್ನರ್‌ಗಳಿಗೆ ಒಂದೊಂದು ಬೇಸ್ ಸಿಗುತ್ತದೆ. ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಒಂದು ‘ಎಲ್’ ಬರುತ್ತದೆ, ಹೇಳುವಾಗ ಬರುವುದಿಲ್ಲ.

ತಪ್ಪಾಗುವುದು ಯಾಕೆ ಅಂದರೆ ನಮ್ಮ ಕಣ್ಣು ಚೆಂಡಿನ ಹಿಂದೆ ಹೋಗುತ್ತದೆ. ಇಲ್ಲ ಅಂದರೆ ರನ್ನರ್ ಯಾಮಾರಿದನಾ ಅಂತ ನೋಡುತ್ತದೆ. ಎರಡೂ ಕೆಲಸಕ್ಕೆ ಬರುವುದಿಲ್ಲ. ಬಾಕ್ ಕಾಣಿಸುವುದು ಹೆಚ್ಚಾಗಿ ಕಾಲಿನಲ್ಲಿ. ಕೈ ಆಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಕೇಳಿಕೊಳ್ಳಿ. ಕ್ರಮ ತಪ್ಪಿದರೆ ಉತ್ತರವೂ ತಪ್ಪುತ್ತದೆ.

ಬೇಸ್‌ಬಾಲ್‌ನ ಮೂಲ ಆಟ ನಿಮಗೆ ಗೊತ್ತಿದೆ ಅಂದುಕೊಂಡು ಬರೆದಿದ್ದೇನೆ. ನಿಯಮಗಳು ಅಮೆರಿಕದ ಮೇಜರ್ ಲೀಗ್‌ನ ಅಧಿಕೃತ ಪುಸ್ತಕದವು. ಶಾಲೆ ಮತ್ತು ಮಕ್ಕಳ ಲೀಗ್‌ಗಳಲ್ಲಿ ಎಲ್ಲಿ ಬೇರೆಯಾಗುತ್ತದೆ ಅಂತ ಬೇಕಾದಲ್ಲಿ ಹೇಳಿದ್ದೇನೆ.

## ಮೊದಲು ಕೈಯಲ್ಲಿ ಇರಬೇಕಾದದ್ದು

ನಿಯಮ ಪುಸ್ತಕದ ಪಿಡಿಎಫ್ ಮೇಜರ್ ಲೀಗ್‌ನ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಪೂರ್ತಿ ಓದಬೇಕಿಲ್ಲ. ಎರಡು ಜಾಗ ಸಾಕು. ಪಿಚರ್ ಹೇಗೆ ನಿಲ್ಲಬೇಕು ಅಂತ ಹೇಳುವ 5.07, ಮತ್ತು ಬಾಕ್‌ನ 13 ವಿಧಗಳನ್ನು ಪಟ್ಟಿ ಮಾಡುವ 6.02. ಹಳೆ ಪುಸ್ತಕದಲ್ಲಿ ಇದೇ ಪಟ್ಟಿ 8.05 ಅಂತ ಇತ್ತು. ಹಳಬರು ಇನ್ನೂ ಹಾಗೇ ಹೇಳುತ್ತಾರೆ, ಗಾಬರಿಯಾಗಬೇಡಿ.

ಸ್ಲೋ ಮೋಷನ್ ಇರುವ ಫೋನ್ ಬೇಕು. ಮನೆಯಲ್ಲಿ ಅಭ್ಯಾಸಕ್ಕೆ 24 ಇಂಚು ಉದ್ದ, 6 ಇಂಚು ಅಗಲದ ರಟ್ಟು ಕತ್ತರಿಸಿ ನೆಲಕ್ಕೆ ಅಂಟಿಸಿ. ಪಿಚರ್ ನಿಲ್ಲುವ ಬಿಳಿ ಪಟ್ಟಿಯ ಅಳತೆ ಅದೇ. ಅದಕ್ಕೆ ಎಲ್ಲರೂ ರಬ್ಬರ್ ಅನ್ನುತ್ತಾರೆ. ಒಂದು ಸಂಜೆ ಅದರ ಮೇಲೆ ನೀವೇ ನಿಂತು ತಿರುಗಿ ನೋಡಿದರೆ, ಹತ್ತು ವಿಡಿಯೋ ನೋಡಿದ್ದಕ್ಕಿಂತ ಜಾಸ್ತಿ ಅರ್ಥವಾಗುತ್ತದೆ.

ಎರಡು ಕಾಲಿಗೆ ಎರಡು ಹೆಸರು ಇಟ್ಟುಕೊಳ್ಳೋಣ. ರಬ್ಬರ್‌ಗೆ ತಾಗಿಸಿ ಊರಿದ ಕಾಲು ‘ಊರುಗಾಲು’. ಬಲಗೈ ಪಿಚರ್‌ಗೆ ಬಲಗಾಲು, ಎಡಗೈಯವನಿಗೆ ಎಡಗಾಲು. ಇನ್ನೊಂದು, ಎತ್ತಿ ಮುಂದಿಡುವ ಕಾಲು, ‘ಎತ್ತುಗಾಲು’. ಎಸೆಯುವ ಹಾಗೆ ಮಾಡಿ ಎಸೆಯದೇ ಇರುವುದು ‘ಹುಸಿ ಎಸೆತ’.

## ಹಂತ 1: ಬೇಸ್ ಮೇಲೆ ಯಾರಾದರೂ ಇದ್ದಾರಾ?

ಯಾರೂ ಇಲ್ಲದಿದ್ದರೆ ಬಾಕ್ ಅನ್ನುವುದೇ ಇಲ್ಲ. ಇಲ್ಲಿಗೇ ನಿಲ್ಲಿಸಿ.

ಬೇಸ್ ಖಾಲಿ ಇರುವಾಗ ಪಿಚರ್ ಪೂರ್ತಿ ನಿಲ್ಲದೆ ಎಸೆದರೂ ನಡೆಯುತ್ತದೆ. ಚೆಂಡು ಕೈಯಿಂದ ಜಾರಿ ಫೌಲ್ ಗೆರೆ ದಾಟಿದರೆ ಅದು ಒಂದು ‘ಬಾಲ್’, ದಾಟದಿದ್ದರೆ ಏನೂ ಅಲ್ಲ. ಬ್ಯಾಟರ್ ತಯಾರಾಗುವ ಮೊದಲೇ ಅವಸರದಲ್ಲಿ ಎಸೆದರೆ ‘ಬಾಲ್’ ಕೊಡುತ್ತಾರೆ, ಅಷ್ಟೇ. ಎದುರು ತಂಡದವರು ಬೇಸ್ ಖಾಲಿ ಇದ್ದಾಗಲೂ ಬಾಕ್ ಬಾಕ್ ಅಂತ ಕೂಗುತ್ತಾರೆ. ಕೂಗಲಿ ಬಿಡಿ.

ಚಿಕ್ಕ ಮಕ್ಕಳ ಲೀಗ್‌ಗಳಲ್ಲಿ ಇನ್ನೊಂದು ಮಾತು. ಪಿಚ್ ಆಗುವ ತನಕ ರನ್ನರ್ ಬೇಸ್ ಬಿಟ್ಟು ಹೋಗುವಂತಿಲ್ಲ ಅನ್ನುವ ಕಡೆ ಸಾಮಾನ್ಯವಾಗಿ ಬಾಕ್ ನಿಯಮವೂ ಇರುವುದಿಲ್ಲ. ಆಟ ಶುರುವಾಗುವ ಮುನ್ನ ಕೇಳಿಕೊಳ್ಳಿ.

## ಹಂತ 2: ಊರುಗಾಲು ರಬ್ಬರ್ ಬಿಟ್ಟಿತಾ? ಬಿಟ್ಟರೆ ಯಾವ ಕಡೆಗೆ?

ಅರ್ಧಕ್ಕರ್ಧ ಜಗಳ ಹುಟ್ಟುವುದು ಇಲ್ಲೇ.

ಪಿಚರ್ ಊರುಗಾಲನ್ನು ರಬ್ಬರ್‌ನ ಹಿಂದಕ್ಕೆ, ಅಂದರೆ ಸೆಕೆಂಡ್ ಬೇಸ್ ಕಡೆಗೆ ತೆಗೆದಿಟ್ಟರೆ ಅವನು ಆ ಕ್ಷಣದಿಂದ ಪಿಚರ್ ಅಲ್ಲ. ಮಾಮೂಲಿ ಇನ್‌ಫೀಲ್ಡರ್. ಯಾವ ಬೇಸಿಗೆ ಬೇಕಾದರೂ ಎಸೆಯಬಹುದು, ಎಸೆಯುವ ಹಾಗೆ ಮಾಡಿ ಬಿಡಬಹುದು. ಫಸ್ಟ್ ಬೇಸಿಗೆ ಹುಸಿ ಎಸೆತ ಮಾಡಿದರೂ ಬಾಕ್ ಅಲ್ಲ.

ಆದರೆ ಕಾಲು ಮುಂದಕ್ಕೋ ಪಕ್ಕಕ್ಕೋ ಹೋದರೆ ಅವನು ಇನ್ನೂ ರಬ್ಬರ್ ಮೇಲಿದ್ದಾನೆ ಅಂತಲೇ ಲೆಕ್ಕ. ಬಲಗೈ ಪಿಚರ್ ಫಸ್ಟ್ ಬೇಸಿಗೆ ಎಸೆಯುವಾಗ ಚಂಗನೆ ಹಾರಿ ಗಾಳಿಯಲ್ಲೇ ತಿರುಗುತ್ತಾನಲ್ಲ, ಆಗ ಎರಡು ಕಾಲೂ ನೆಲ ಬಿಟ್ಟಿರುತ್ತವೆ. ‘ಕಾಲು ರಬ್ಬರ್ ಬಿಡ್ತಲ್ಲ, ಇನ್ನು ಎಸೆಯಲೇಬೇಕು ಅಂತೇನಿಲ್ಲ’ ಅಂತ ತುಂಬ ಜನ ವಾದಿಸುತ್ತಾರೆ. ತಪ್ಪು. ಹಾರಿ ತಿರುಗಿದ್ದು ರಬ್ಬರ್ ಮೇಲಿನಿಂದ ಮಾಡಿದ ಚಲನೆ. ಎಸೆಯಲೇಬೇಕು.

ಇದಕ್ಕೊಂದು ಮುಖ್ಯ ಪರಿಣಾಮ ಇದೆ. ಬೇಸ್ ಬಿಟ್ಟು ನಿಂತ ರನ್ನರ್‌ನನ್ನು ಔಟ್ ಮಾಡಲು ಬೇಸಿಗೆ ಎಸೆಯುವುದಕ್ಕೆ ಪಿಕಾಫ್ ಅನ್ನುತ್ತಾರೆ. ರಬ್ಬರ್ ಮೇಲಿನಿಂದ ಪಿಕಾಫ್ ಎಸೆದದ್ದು ಗುರಿ ತಪ್ಪಿ ಡಗೌಟ್‌ಗೋ (ಆಟಗಾರರು ಕೂರುವ ಜಾಗ) ಪ್ರೇಕ್ಷಕರ ಕಡೆಗೋ ಹೋದರೆ ರನ್ನರ್‌ಗೆ ಒಂದು ಬೇಸ್. ಹಿಂದಕ್ಕೆ ಕಾಲು ತೆಗೆದು ಎಸೆದದ್ದು ಹಾಗೆ ಹೋದರೆ ಎರಡು ಬೇಸ್. ಅದಕ್ಕೇ ಅಂಪೈರ್ ಪ್ರತಿ ಸಲ ಕಾಲನ್ನೇ ನೋಡುತ್ತಿರುತ್ತಾರೆ.

ಕ್ರಮ ಕೂಡ ಮುಖ್ಯ. ಮೊದಲು ಊರುಗಾಲು ಹಿಂದಕ್ಕೆ. ಆಮೇಲೆ ಕೈ ಬಿಡಿಸಿ ಕೆಳಗಿಳಿಸುವುದು. ಮೊದಲು ಕೈ ಬಿಡಿಸಿ ನಂತರ ಕಾಲು ತೆಗೆದರೆ ಅದೇ ಬಾಕ್. ಅರ್ಧ ಸೆಕೆಂಡಿನ ವ್ಯತ್ಯಾಸ, ಆದರೆ ಕಲಿಯುವ ಹುಡುಗರು ಅತಿ ಹೆಚ್ಚು ಸಿಕ್ಕಿಬೀಳುವುದು ಇದರಲ್ಲೇ. ಕ್ಯಾಚರ್ ಕೊಟ್ಟ ಸನ್ನೆ ಗೊತ್ತಾಗಲಿಲ್ಲ ಅಂದಾಗ ಗಲಿಬಿಲಿಯಲ್ಲಿ ಕೈ ಇಳಿದುಬಿಡುತ್ತದೆ.

ರಬ್ಬರ್ ಬಿಟ್ಟ ಮೇಲೂ ಎರಡು ಕೆಲಸ ಮಾಡುವಂತಿಲ್ಲ. ಪಿಚ್ ಮಾಡುವಂಥ ಚಲನೆ ಮಾಡಬಾರದು. ಚೆಂಡು ಕೈಯಲ್ಲಿಲ್ಲದೆ ರಬ್ಬರ್ ಮೇಲೆ ಹತ್ತಬಾರದು, ಅದರ ಎರಡೂ ಕಡೆ ಕಾಲು ಹಾಕಿ ನಿಲ್ಲಲೂಬಾರದು. ಫಸ್ಟ್ ಬೇಸ್‌ಮನ್ ಚೆಂಡನ್ನು ಗ್ಲೌಸ್‌ನಲ್ಲಿ ಬಚ್ಚಿಟ್ಟುಕೊಂಡು ರನ್ನರ್‌ನನ್ನು ಮುಟ್ಟಿ ಔಟ್ ಮಾಡುವ ಹಳೇ ಕುಚೇಷ್ಟೆ ಇದೆ. ಅದು ಸರಿಯಾಗಬೇಕಾದರೆ ಪಿಚರ್ ರಬ್ಬರ್‌ನಿಂದ ದೂರ ಇರಬೇಕು.

## ಹಂತ 3: ಎರಡು ನಿಲುವುಗಳಲ್ಲಿ ಯಾವುದು?

ವೈಂಡಪ್‌ನಲ್ಲಿ ಪಿಚರ್ ಬ್ಯಾಟರ್‌ಗೆ ಎದುರಾಗಿ ನಿಲ್ಲುತ್ತಾನೆ. ಸೆಟ್‌ನಲ್ಲಿ ಅಡ್ಡವಾಗಿ, ಊರುಗಾಲನ್ನು ರಬ್ಬರ್‌ಗೆ ಸಮವಾಗಿಟ್ಟು ಎತ್ತುಗಾಲನ್ನು ಮುಂದಿಟ್ಟು ನಿಲ್ಲುತ್ತಾನೆ. ರನ್ನರ್ ಇದ್ದಾಗ ಬಹುತೇಕ ಎಲ್ಲರೂ ಸೆಟ್‌ನಲ್ಲೇ ಇರುತ್ತಾರೆ. ಹಾಗೆ ಅಡ್ಡ ನಿಂತವನನ್ನು ಸೆಟ್ ಅಂತಲೇ ಅಂಪೈರ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬೇರೆ ಇದ್ದರೆ ಪಿಚರ್ ಮೊದಲೇ ಹೇಳಬೇಕು.

ವೈಂಡಪ್‌ನಿಂದ ಹಿಂದೆ ಸರಿಯುವಾಗಲೂ ಊರುಗಾಲೇ ಮೊದಲು. ಎತ್ತುಗಾಲು ಮೊದಲು ಹಿಂದೆ ಹೋದರೆ ಪಿಚ್ ಶುರುವಾದ ಹಾಗೆ ಕಾಣುತ್ತದೆ, ಬಾಕ್. ಇದಕ್ಕಿಂತ ಹೆಚ್ಚು ಇಲ್ಲಿ ತಲೆಕೆಡಿಸಿಕೊಳ್ಳಬೇಕಿಲ್ಲ.

## ಹಂತ 4: ಸೆಟ್‌ನಲ್ಲಿ ಪೂರ್ತಿ ನಿಂತನಾ?

ಎರಡೂ ಕೈಯಿಂದ ಚೆಂಡನ್ನು ಮೈಮುಂದೆ ಹಿಡಿದು ಪಿಚರ್ ಪೂರ್ತಿ ನಿಲ್ಲಬೇಕು. ಎಷ್ಟು ಹೊತ್ತು ಅಂತ ಪುಸ್ತಕ ಸೆಕೆಂಡಿನಲ್ಲಿ ಹೇಳುವುದಿಲ್ಲ. ನಿಂತದ್ದು ಕಾಣಬೇಕು. ಕೈ ಕೆಳಗಿಳಿದು ಪುಟಿದು ಹಾಗೇ ಮೇಲೆ ಬಂದರೆ, ಅದು ನಿಂತದ್ದಲ್ಲ, ದಿಕ್ಕು ಬದಲಿಸಿದ್ದು. ಬಾಲನ್ನು ನೆಲಕ್ಕೆ ಹೊಡೆದಾಗ ಅದು ನೆಲದಲ್ಲಿ ನಿಂತಿತು ಅಂತ ನಾವು ಹೇಳುವುದಿಲ್ಲವಲ್ಲ, ಹಾಗೆ.

1988ರಲ್ಲಿ ಈ ನಿಲ್ಲುವ ನಿಯಮವನ್ನು ಬಿಗಿ ಮಾಡಿದಾಗ ಮೇಜರ್ ಲೀಗ್‌ನಲ್ಲಿ ಒಂದೇ ವರ್ಷ 924 ಬಾಕ್ ಬಿದ್ದವು. ಓಕ್‌ಲ್ಯಾಂಡ್‌ನ ಡೇವ್ ಸ್ಟೂವರ್ಟ್ ಒಬ್ಬನ ಲೆಕ್ಕದಲ್ಲೇ 16. ಪಿಚರ್‌ಗಳೆಲ್ಲ ಒಂದೇ ಸಲಕ್ಕೆ ಕೆಟ್ಟುಹೋಗಿರಲಿಲ್ಲ. ಅಂಪೈರ್‌ಗಳು ನೋಡುವ ರೀತಿ ಬದಲಾಗಿತ್ತು.

ನನಗೆ ಇದಕ್ಕಿಂತ ಇಷ್ಟವಾದ ಪಾಠ 2022ರ ಸೆಪ್ಟೆಂಬರ್ 27ರದ್ದು. ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಮಯಾಮಿ ಮಾರ್ಲಿನ್ಸ್‌ನ ಎಡಗೈ ಪಿಚರ್ ರಿಚರ್ಡ್ ಬ್ಲೈಯರ್ ಎಸೆಯುತ್ತಿದ್ದ. ಅಲ್ಲಿಯ ತನಕ ಅವನ ಮೇಜರ್ ಲೀಗ್ ಜೀವನದಲ್ಲಿ ಒಂದೂ ಬಾಕ್ ಇರಲಿಲ್ಲ. ಅವತ್ತು ಪೀಟ್ ಅಲೊನ್ಸೊ ಒಬ್ಬ ಬ್ಯಾಟ್ ಮಾಡುವಾಗಲೇ ಮೂರು ಬಾಕ್. ಫಸ್ಟ್ ಬೇಸ್‌ನಲ್ಲಿದ್ದ ಜೆಫ್ ಮೆಕ್‌ನೀಲ್ ಒಂದೊಂದೇ ಬೇಸ್ ನಡೆದುಕೊಂಡೇ ಹೋಗಿ ಮನೆ ಮುಟ್ಟಿದ, ರನ್ ಬಂತು. ಮೂರಕ್ಕೂ ಕಾರಣ ಒಂದೇ: ಸೆಟ್‌ನಲ್ಲಿ ಪೂರ್ತಿ ನಿಲ್ಲಲಿಲ್ಲ. ಆ ವಿಡಿಯೋ ಹುಡುಕಿ ಅವನ ಕೈಗಳನ್ನು ಮಾತ್ರ ನೋಡಿ. ನಿಂತನಾ ಇಲ್ವಾ ಅಂತ ಮನೆಯಲ್ಲಿ ವಾದ ಶುರುವಾಗುವುದು ಗ್ಯಾರಂಟಿ. ಈ ಹಂತದಲ್ಲಿ ಅಂಪೈರ್‌ನ ಕಣ್ಣೇ ಕೊನೆಯ ಮಾತು.

ಪಿಚರ್‌ಗೆ ಸಲಹೆ: ಕೈ ಬೆಲ್ಟಿನ ಹತ್ತಿರ ಬಂದ ಮೇಲೆ ಮನಸ್ಸಿನಲ್ಲಿ ‘ಒಂದು’ ಅಂತ ಪೂರ್ತಿ ಹೇಳಿ ಮುಗಿಸಿ. ಆಮೇಲೆ ಹೊರಡಿ.

## ಹಂತ 5: ಪಿಚ್‌ನ ಚಲನೆ ಶುರುವಾಯಿತಾ?

ಬ್ಯಾಡ್ಮಿಂಟನ್ ಸರ್ವಿಸ್ ನೆನಪಿಸಿಕೊಳ್ಳಿ. ರ‍್ಯಾಕೆಟ್ ಮುಂದಕ್ಕೆ ಹೊರಟ ಮೇಲೆ ತಡೆದು ನಿಲ್ಲಿಸುವಂತಿಲ್ಲ, ಫಾಲ್ಟ್. ಇಲ್ಲೂ ಹಾಗೆ. ಪಿಚ್ ಮಾಡುವಾಗ ಸಹಜವಾಗಿ ಬರುವ ಯಾವುದೇ ಚಲನೆ ಶುರುವಾದರೆ ಮುಗಿಸಲೇಬೇಕು. ಮೊಣಕಾಲು ನಡುಗಿತು, ಮುಂಭುಜ ಹೋಮ್ ಕಡೆ ಸ್ವಲ್ಪ ತಿರುಗಿತು, ಕೈ ಬೇರೆಯಾಗಲು ಹೊರಟಿತು, ಆಮೇಲೆ ನಿಂತಿತು. ಬಾಕ್.

ತಲೆ ಈ ಲೆಕ್ಕಕ್ಕೆ ಬರುವುದಿಲ್ಲ. ರನ್ನರ್ ಕಡೆ ಎಷ್ಟು ಸಲ ಬೇಕಾದರೂ ಕತ್ತು ತಿರುಗಿಸಿ ನೋಡಬಹುದು. ಭುಜ ಜತೆಗೆ ಥಟ್ಟನೆ ತಿರುಗಿದರೆ ಅಪಾಯ. ಕತ್ತು ತಿರುಗಿತಾ, ಭುಜ ತಿರುಗಿತಾ ಅಂತ ಬೇರೆ ಮಾಡಿ ನೋಡಲು ಕಣ್ಣಿಗೆ ಅಭ್ಯಾಸ ಬೇಕು. ಸ್ಲೋ ಮೋಷನ್ ಉಪಯೋಗಕ್ಕೆ ಬರುವುದು ಇಲ್ಲೇ.

ರಬ್ಬರ್ ಮೇಲಿದ್ದಾಗ ಚೆಂಡು ಜಾರಿ ಬಿದ್ದರೂ ಬಾಕ್. ಬೇಕಂತ ಬೀಳಿಸಿದನಾ, ಬೆವರಿಗೆ ಜಾರಿತಾ, ಯಾರೂ ಕೇಳುವುದಿಲ್ಲ.

## ಹಂತ 6: ಎತ್ತುಗಾಲು ಎಲ್ಲಿ ಇಳಿಯಿತು?

ಬೇಸಿಗೆ ಎಸೆಯುವ ಮೊದಲು ಎತ್ತುಗಾಲು ನೇರವಾಗಿ ಆ ಬೇಸ್ ಕಡೆ ಹೆಜ್ಜೆ ಇಡಬೇಕು. ಇದರಲ್ಲಿ ಮೂರು ಮಾತು ಅಡಗಿದೆ: ಹೆಜ್ಜೆ ಇರಬೇಕು, ದಿಕ್ಕು ಸರಿ ಇರಬೇಕು, ಹೆಜ್ಜೆ ಎಸೆತಕ್ಕಿಂತ ಮೊದಲು ಬರಬೇಕು. ಕಾಲನ್ನು ಇದ್ದಲ್ಲೇ ಎತ್ತಿ ಅಲ್ಲೇ ಇಟ್ಟರೆ ಹೆಜ್ಜೆಯಾಗಲಿಲ್ಲ. ಮೊದಲು ಎಸೆದು ಆಮೇಲೆ ಕಾಲು ಹಾಕಿದರೂ ಬಾಕ್.

ಖೋಖೋ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದ್ದು ಒಂದು ದಿಕ್ಕು ಹಿಡಿದವನು ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ. ಪಿಚರ್‌ನ ಎತ್ತುಗಾಲೂ ಅಷ್ಟೇ, ಯಾವ ದಿಕ್ಕು ತೋರಿಸಿತೋ ಆ ದಿಕ್ಕಿಗೇ ಕಟ್ಟುಬಿದ್ದ ಹಾಗೆ.

### ಎಡಗೈ ಪಿಚರ್ ಅನ್ನುವ ತಲೆನೋವು

ಬಲಗೈ ಪಿಚರ್‌ನ ಬೆನ್ನು ಫಸ್ಟ್ ಬೇಸ್ ಕಡೆ ಇರುತ್ತದೆ. ಅವನು ತಿರುಗಬೇಕು, ತಿರುಗಿದ್ದು ಎಲ್ಲರಿಗೂ ಕಾಣುತ್ತದೆ. ಎಡಗೈಯವನು ಫಸ್ಟ್ ಬೇಸಿಗೆ ಮುಖ ಮಾಡಿಯೇ ನಿಂತಿರುತ್ತಾನೆ. ಬಲಗಾಲು ಎತ್ತುತ್ತಾನೆ. ಅದು ಮೇಲೆ ಹೋಗುವ ತನಕ ಪಿಚ್ಚೋ ಪಿಕಾಫೋ ಯಾರಿಗೂ ಗೊತ್ತಾಗುವುದಿಲ್ಲ. ನ್ಯೂಯಾರ್ಕ್ ಯಾಂಕೀಸ್‌ನ ಆ್ಯಂಡಿ ಪೆಟಿಟ್ ಹೆಸರು ಮಾಡಿದ್ದೇ ಇದರಲ್ಲಿ. ರನ್ನರ್‌ಗಳು ಬೇಸ್ ಬಿಟ್ಟು ಎರಡು ಹೆಜ್ಜೆ ಇಡಲು ಹೆದರುತ್ತಿದ್ದರು.

ಇವರನ್ನು ಅಳೆಯಲು ಎರಡು ಗೆರೆ ಬೇಕು.

ಮೊದಲನೆಯದು 45 ಡಿಗ್ರಿ ಗೆರೆ. ರಬ್ಬರ್‌ನಿಂದ ಹೋಮ್ ಕಡೆಗೊಂದು, ಫಸ್ಟ್ ಬೇಸ್ ಕಡೆಗೊಂದು ಗೆರೆ ಎಳೆದರೆ ಹೆಚ್ಚು ಕಡಿಮೆ ಲಂಬಕೋನ ಬರುತ್ತದೆ. ಅದರ ಸರಿ ಅರ್ಧದಲ್ಲಿ ಇನ್ನೊಂದು ಗೆರೆ ಇದೆ ಅಂದುಕೊಳ್ಳಿ. ಫಸ್ಟ್ ಬೇಸಿಗೆ ಎಸೆಯುವವನ ಎತ್ತುಗಾಲು ಆ ಗೆರೆಯ ಫಸ್ಟ್ ಬೇಸ್ ಪಕ್ಕದಲ್ಲಿ ಇಳಿಯಬೇಕು. ಹೋಮ್ ಪಕ್ಕದಲ್ಲಿ ಇಳಿದರೆ ಬಾಕ್. ನೆನಪಿಡಿ, ಈ 45 ಡಿಗ್ರಿ ನಿಯಮ ಪುಸ್ತಕದಲ್ಲಿ ಬರೆದದ್ದಲ್ಲ. ‘ನೇರವಾಗಿ’ ಅನ್ನುವ ಪದಕ್ಕೆ ಅಂಪೈರ್‌ಗಳು ರೂಢಿಯಲ್ಲಿ ಇಟ್ಟುಕೊಂಡ ಅಳತೆ. ‘ಪುಸ್ತಕದಲ್ಲಿ ಎಲ್ಲಿದೆ ತೋರಿಸಿ’ ಅಂತ ಕೋಚ್ ಕೇಳಿದರೆ ತೋರಿಸಲು ಆಗುವುದಿಲ್ಲ. ನನಗೆ ಈ ಮುಜುಗರ ಆಗಿದೆ.

ಎರಡನೆಯದು ಪುಸ್ತಕದಲ್ಲೇ ಇದೆ. ರಬ್ಬರ್‌ನ ಹಿಂಬದಿಯ ಅಂಚು. ಎತ್ತುಗಾಲು ತೂಗುತ್ತಾ ಆ ಅಂಚು ದಾಟಿ ಹಿಂದೆ ಹೋಯಿತೋ, ಫಸ್ಟ್ ಬೇಸಿಗೆ ಎಸೆಯುವ ದಾರಿ ಮುಚ್ಚಿತು. ಬ್ಯಾಟರ್‌ಗೆ ಪಿಚ್ ಮಾಡಬೇಕು, ಇಲ್ಲವೇ ಸೆಕೆಂಡ್ ಬೇಸ್ ಕಡೆ ಪಿಕಾಫ್‌ಗೆ ತಿರುಗಬೇಕು.

ಅವನು ಎತ್ತ ನೋಡುತ್ತಿದ್ದಾನೆ ಅನ್ನುವುದು ಬೇಡ. ಹೋಮ್ ನೋಡುತ್ತಾ ಫಸ್ಟ್‌ಗೆ ಎಸೆಯಬಹುದು, ಫಸ್ಟ್ ನೋಡುತ್ತಾ ಪಿಚ್ ಶುರು ಮಾಡಬಹುದು. ಹೊಸಬರು ಅಪ್ಪಟ ಸರಿಯಾದ ಚಲನೆಗೆ ಬಾಕ್ ಅನ್ನುವುದು ಹೆಚ್ಚಾಗಿ ಇಲ್ಲಿ.

## ಹಂತ 7: ಹುಸಿ ಎಸೆತ ಯಾವ ಬೇಸಿಗೆ?

ರಬ್ಬರ್ ಮೇಲಿರುವಾಗ ಲೆಕ್ಕ ಹೀಗಿದೆ.

ಫಸ್ಟ್ ಬೇಸ್: ಹುಸಿ ಇಲ್ಲ. ಹೆಜ್ಜೆ ಇಟ್ಟರೆ ಎಸೆಯಲೇಬೇಕು. ಕೈ ಅಲ್ಲಾಡಿಸದೆ ಬರೀ ಹೆಜ್ಜೆ ಇಟ್ಟು ನಿಂತರೂ ಬಾಕ್.

ಸೆಕೆಂಡ್ ಬೇಸ್: ಹುಸಿ ನಡೆಯುತ್ತದೆ. ಆದರೆ ಹೆಜ್ಜೆ ಬೇಕೇ ಬೇಕು, ಮತ್ತು ಅಲ್ಲಿ ರನ್ನರ್ ಇರಬೇಕು. ಪಿಚ್ ಮಾಡುವವನ ಹಾಗೆ ಕಾಲು ಎತ್ತಿ, ನಿಲ್ಲದೆ ಹಾಗೇ ಸುತ್ತಿ ಸೆಕೆಂಡ್ ಕಡೆ ತಿರುಗುವುದೂ ಸರಿ.

ಥರ್ಡ್ ಬೇಸ್: ಹುಸಿ ಇಲ್ಲ. ಎಸೆಯಲೇಬೇಕು.

ಈ ಕೊನೆಯದರಲ್ಲಿ ಹುಷಾರು. 2013ಕ್ಕೆ ಮೊದಲು ಥರ್ಡ್‌ಗೆ ಹುಸಿ ತೋರಿಸಿ ಗಿರಕ್ಕನೆ ತಿರುಗಿ ಫಸ್ಟ್‌ಗೆ ಎಸೆಯುವುದು ಸರಿ ಇತ್ತು. ಆ ವರ್ಷ ಮೇಜರ್ ಲೀಗ್ ಅದನ್ನು ತೆಗೆಯಿತು. ಯೂಟ್ಯೂಬ್‌ನಲ್ಲಿ ಹಳೇ ತರಬೇತಿ ವಿಡಿಯೋಗಳು ಹಾಗೇ ಇವೆ. ಹುಡುಗರು ಅದನ್ನೇ ನೋಡಿ ಕಲಿತು ಬರುತ್ತಾರೆ. ವಿಡಿಯೋದ ವರ್ಷ ನೋಡದೆ ಕಲಿಯಬೇಡಿ. ಇನ್ನೊಂದು ಕಡೆ, ಅಮೆರಿಕದ ಹೈಸ್ಕೂಲ್ ಪುಸ್ತಕ ಬೇರೆ, ಅಲ್ಲಿ ಥರ್ಡ್‌ಗೆ ಹುಸಿಯನ್ನು ಬಿಟ್ಟಿದ್ದಾರೆ. ಒಂದೇ ಚಲನೆ ಶನಿವಾರದ ಶಾಲಾ ಆಟದಲ್ಲಿ ಸರಿ, ಭಾನುವಾರದ ಕ್ಲಬ್ ಆಟದಲ್ಲಿ ತಪ್ಪಾಗಬಹುದು. ಯಾವ ಪುಸ್ತಕ ಅಂತ ಮೊದಲೇ ಕೇಳಿ.

ರನ್ನರ್ ಇಲ್ಲದ ಬೇಸಿಗೆ ಎಸೆಯುವುದೂ ಹುಸಿ ಮಾಡುವುದೂ ಬಾಕ್. ಒಂದು ವಿನಾಯಿತಿ ಇದೆ: ಅಲ್ಲಿ ನಿಜವಾಗಿ ಯಾರನ್ನಾದರೂ ಔಟ್ ಮಾಡಲು ಹೊರಟಿದ್ದರೆ ತಪ್ಪಿಲ್ಲ. ಫಸ್ಟ್‌ನ ರನ್ನರ್ ಸೆಕೆಂಡ್ ಕದಿಯಲು ಓಡಿದ, ಪಿಚರ್ ತಿರುಗಿ ಖಾಲಿ ಸೆಕೆಂಡ್‌ಗೆ ಎಸೆದ. ಸರಿ. ರನ್ನರ್ ಓಡುವ ಹಾಗೆ ತೋರಿಸಿದ್ದರೂ ಅಂಪೈರ್ ಅದನ್ನು ಗಮನಕ್ಕೆ ತೆಗೆದುಕೊಳ್ಳುತ್ತಾರೆ.

ಎಸೆದದ್ದು ಯಾರಿಗೆ ಅನ್ನುವುದನ್ನೂ ನೋಡಿ. ಫಸ್ಟ್ ಬೇಸ್‌ಮನ್ ಬೇಸ್ ಬಿಟ್ಟು ದೂರ ಮುಂದೆ ಬಂದು ನಿಂತಿದ್ದಾನೆ, ರನ್ನರ್‌ನನ್ನು ಮುಟ್ಟುವ ಸಾಧ್ಯತೆಯೇ ಇಲ್ಲ. ಅವನಿಗೆ ಎಸೆದರೆ ಅದು ಬೇಸಿಗೆ ಎಸೆದ ಹಾಗಲ್ಲ. ಬಾಕ್.

## ಹಂತ 8: ಎಷ್ಟನೇ ಸಲ?

ಇದು 2023ರಿಂದ ಬಂದ ಲೆಕ್ಕ, ಮೇಜರ್ ಲೀಗ್‌ನದು. ಒಬ್ಬ ಬ್ಯಾಟರ್ ಇರುವಷ್ಟು ಹೊತ್ತಿನಲ್ಲಿ ಪಿಚರ್‌ಗೆ ಎರಡೇ ಸಲ ಬಿಡುವು. ಪಿಕಾಫ್ ಎಸೆದರೂ ಒಂದು, ಸೆಕೆಂಡ್‌ಗೆ ಹುಸಿ ಮಾಡಿದರೂ ಒಂದು, ಸುಮ್ನೆ ಕಾಲು ಹಿಂದೆ ತೆಗೆದರೂ ಒಂದು. ಮೂರನೇ ಸಲ ಮಾಡಬಹುದು, ಆದರೆ ರನ್ನರ್ ಔಟ್ ಆಗಬೇಕು. ಆಗದೆ ವಾಪಸ್ ಬೇಸ್ ಮುಟ್ಟಿದರೆ ಬಾಕ್. ನಡುವೆ ರನ್ನರ್ ಮುಂದಿನ ಬೇಸಿಗೆ ಹೋದರೆ ಎಣಿಕೆ ಮತ್ತೆ ಸೊನ್ನೆಯಿಂದ. ಹೊಸ ಬ್ಯಾಟರ್ ಬಂದರೂ ಹಾಗೇ.

ಹಾಗಾಗಿ ಕಾಲು, ಹೆಜ್ಜೆ, ಎಸೆತ ಎಲ್ಲ ಚೊಕ್ಕವಾಗಿದ್ದೂ ಬಾಕ್ ಬಿದ್ದರೆ ಬೆರಳು ಮಡಚಿ ಎಣಿಸಿ ನೋಡಿ. ಟಿವಿಯಲ್ಲಿ ನೋಡುವವರು ಅತಿ ಹೆಚ್ಚು ತಬ್ಬಿಬ್ಬಾಗುವುದು ಇದರಿಂದಲೇ. ಎರಡು ಮುಗಿದದ್ದು ರನ್ನರ್‌ಗೂ ಗೊತ್ತಿರುತ್ತದೆ, ಇನ್ನೊಂದು ಹೆಜ್ಜೆ ಧೈರ್ಯವಾಗಿ ಮುಂದಿಡುತ್ತಾನೆ. ಈ ನಿಯಮ, ಪಿಚ್ ಎಸೆಯಲು ಹೊತ್ತಿನ ಮಿತಿ ಹಾಕುವ ಗಡಿಯಾರ, ದೊಡ್ಡದಾದ ಬೇಸ್ ಎಲ್ಲ ಸೇರಿ ಕದ್ದ ಬೇಸ್‌ಗಳು 2022ರ 2,486ರಿಂದ 2023ಕ್ಕೆ 3,503ಕ್ಕೆ ಏರಿದವು.

## ಹಂತ 9: ಬಾಕ್ ಅಂದ ಮೇಲೆ ಏನಾಗುತ್ತದೆ?

ಎಲ್ಲ ರನ್ನರ್‌ಗಳೂ ಒಂದೊಂದು ಬೇಸ್ ಮುಂದೆ. ಬ್ಯಾಟರ್ ಹೋಗುವುದಿಲ್ಲ. ಅವನ ಬಾಲ್–ಸ್ಟ್ರೈಕ್ ಲೆಕ್ಕ ಮೊದಲಿದ್ದಷ್ಟೇ.

ಕಗ್ಗಂಟಾಗುವುದು ಬಾಕ್ ಆದ ಮೇಲೂ ಪಿಚರ್ ಪಿಚ್ ಎಸೆದುಬಿಟ್ಟಾಗ. ಮೇಜರ್ ಲೀಗ್‌ನಲ್ಲಿ ಅಂಪೈರ್ ಬಾಕ್ ಅಂತ ಕೂಗಿದರೂ ಆಟ ಆ ಕ್ಷಣಕ್ಕೆ ನಿಲ್ಲುವುದಿಲ್ಲ. ಆ ಪಿಚ್‌ನಿಂದ ಬ್ಯಾಟರ್ ಫಸ್ಟ್ ತಲುಪಿ, ಉಳಿದ ರನ್ನರ್‌ಗಳೆಲ್ಲ ಕನಿಷ್ಠ ಒಂದು ಬೇಸ್ ಮುಂದೆ ಹೋದರೆ ಬಾಕ್ ಮರೆತುಬಿಡಿ, ಆದದ್ದೇ ಆಟ. ಹೋಮ್ ರನ್ ಹೊಡೆದರೆ ಹೋಮ್ ರನ್ನೇ.

ಅದು ನಾಲ್ಕನೇ ‘ಬಾಲ್’ ಆಗಿದ್ದರೆ? ಫಸ್ಟ್‌ನಲ್ಲಿ ಮಾತ್ರ ರನ್ನರ್ ಇದ್ದರೆ ಬ್ಯಾಟರ್ ಫಸ್ಟ್‌ಗೆ, ರನ್ನರ್ ಸೆಕೆಂಡ್‌ಗೆ, ಎಲ್ಲರೂ ಮುಂದೆ ಹೋದರು, ಹಾಗೇ ನಿಂತಿತು. ಸೆಕೆಂಡ್‌ನಲ್ಲಿ ಮಾತ್ರ ರನ್ನರ್ ಇದ್ದು ಅವನು ಅಲ್ಲೇ ಉಳಿದರೆ ‘ಎಲ್ಲರೂ ಮುಂದೆ’ ಆಗಲಿಲ್ಲ. ಬಾಕ್ ಜಾರಿ. ರನ್ನರ್ ಥರ್ಡ್‌ಗೆ, ಬ್ಯಾಟರ್ ವಾಪಸ್ ಬಂದು ಮೂರು ‘ಬಾಲ್’ ಲೆಕ್ಕದಲ್ಲಿ ಆಡಬೇಕು. ಈ ಎರಡನ್ನು ಕಾಗದದಲ್ಲಿ ಬರೆದು ನೋಡಿ, ಬೇಗ ತಲೆಗೆ ಹೋಗುತ್ತದೆ.

ಅಮೆರಿಕದ ಹೈಸ್ಕೂಲ್ ಆಟದಲ್ಲಿ ಇಷ್ಟೆಲ್ಲ ಇಲ್ಲ. ಬಾಕ್ ಅಂದ ತಕ್ಷಣ ಚೆಂಡು ಸತ್ತಿತು. ನನಗೇನೋ ಅದೇ ವಾಸಿ ಅನ್ನಿಸುತ್ತದೆ.

ಬಾಕ್ ಎಂದರೆ ಯಾವಾಗಲೂ ಪಿಚರ್‌ಗೆ ನಷ್ಟ ಅಂತಲೂ ಅಲ್ಲ. 2019ರಲ್ಲಿ ಲಾಸ್ ಏಂಜಲೀಸ್ ಡಾಜರ್ಸ್‌ನ ಕೆನ್ಲಿ ಜಾನ್ಸನ್ ಎರಡು ರನ್ ಮುಂದಿದ್ದಾಗ, ಸೆಕೆಂಡ್‌ನಲ್ಲಿದ್ದ ರನ್ನರ್ ಕ್ಯಾಚರ್‌ನ ಸನ್ನೆ ಕದಿಯಬಾರದು ಅಂತ ಬೇಕಂತಲೇ ಬಾಕ್ ಮಾಡಿ ಅವನನ್ನು ಥರ್ಡ್‌ಗೆ ಕಳಿಸಿದ. ಆಟವನ್ನೂ ಗೆದ್ದರು.

## ಎಡವುವ ಮುನ್ನ ಕಾಣುವ ಸೂಚನೆಗಳು

ನೀವು ಅಂಪೈರ್ ಆಗಿದ್ದರೆ, ಪಿಚರ್ ಎರಡನೇ ಸಲ ಪಿಕಾಫ್ ಎಸೆದಾಗ ನಿಮ್ಮ ಕಣ್ಣು ಚೆಂಡಿನ ಹಿಂದೆ ಫಸ್ಟ್ ಬೇಸಿಗೆ ಮೊದಲೇ ಹೊರಟುಬಿಟ್ಟಿದೆ ಅನ್ನಿಸಿದರೆ ಎಚ್ಚರ. ಕಾಲು ಇಳಿಯುವುದನ್ನು ನೀವು ನೋಡಿಲ್ಲ. ನೋಡದ್ದನ್ನು ಬಾಕ್ ಅನ್ನಬೇಡಿ. ನಾನು ಒಮ್ಮೆ ಕೋಚ್‌ನ ಕೂಗಿಗೆ ಬೆಚ್ಚಿ ಅಂದುಬಿಟ್ಟೆ. ಆಮೇಲೆ ಒಬ್ಬ ತಾಯಿ ಫೋನಿನಲ್ಲಿ ತೆಗೆದದ್ದು ತೋರಿಸಿದರು. ಹುಡುಗನ ಕಾಲು ಸರಿಯಾಗಿ ಹಿಂದಕ್ಕೆ ಹೋಗಿತ್ತು. ಹದಿಮೂರರ ಹುಡುಗ, ಏನೂ ಅನ್ನಲಿಲ್ಲ. ಅದೇ ಕಷ್ಟ.

ಪಿಚರ್ ಆಗಿದ್ದರೆ, ಸುಸ್ತಾದಾಗ ಎರಡು ಬದಲಾವಣೆ ಬರುತ್ತವೆ. ಸೆಟ್‌ನಲ್ಲಿ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ. ಎತ್ತುಗಾಲು ಸೋಮಾರಿಯಾಗಿ ಹೋಮ್ ಕಡೆ ಜಾರುತ್ತದೆ. ಮೊದಲ ಇನ್ನಿಂಗ್ಸ್‌ನ ಮತ್ತು ಕೊನೆಯ ಇನ್ನಿಂಗ್ಸ್‌ನ ನಿಮ್ಮ ಪಿಕಾಫ್ ವಿಡಿಯೋ ಪಕ್ಕಪಕ್ಕ ಇಟ್ಟು ನೋಡಿ.

ನಿಜಕ್ಕೂ ಅನುಮಾನ ಉಳಿದಾಗ ಏನು ಮಾಡಬೇಕು ಅಂತ ಪುಸ್ತಕವೇ ಹೇಳುತ್ತದೆ. ಈ ನಿಯಮ ಇರುವುದು ಪಿಚರ್ ಬೇಕಂತ ರನ್ನರ್‌ಗೆ ಮೋಸ ಮಾಡಬಾರದು ಅಂತ. ಹಾಗಾಗಿ ಅವನ ಉದ್ದೇಶ ಏನಿತ್ತು ಅಂತ ನೋಡಿ. ಪಟ್ಟಿಯಲ್ಲಿ ಸ್ಪಷ್ಟವಾಗಿ ಇರುವ ತಪ್ಪಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

## ಕೈ ಪಳಗಿಸಲು ಐದು ಸಂದರ್ಭ

ಉತ್ತರ ಓದುವ ಮುನ್ನ ಹಂತ 1ರಿಂದ ಕೇಳಿಕೊಂಡು ಬನ್ನಿ.

1. ಫಸ್ಟ್‌ನಲ್ಲಿ ಮಾತ್ರ ರನ್ನರ್, ಅಲ್ಲಾಡದೆ ನಿಂತಿದ್ದಾನೆ. ಪಿಚರ್ ಸೆಕೆಂಡ್ ಕಡೆ ಹೆಜ್ಜೆ ಇಟ್ಟು ಹುಸಿ ಎಸೆದ. ಸೆಕೆಂಡ್‌ಗೆ ಹುಸಿ ಸರಿ ಅಲ್ವಾ ಅಂತ ಅವಸರ ಬೇಡ. ಬೇಸ್ ಖಾಲಿ. ಬಾಕ್.

2. ಫಸ್ಟ್‌ನಲ್ಲಿ ರನ್ನರ್. ಬಲಗೈ ಪಿಚರ್ ಹಾರಿ ತಿರುಗಿದ, ಬೇಸ್‌ಮನ್ ತಯಾರಿಲ್ಲದ್ದು ನೋಡಿ ಚೆಂಡು ಕೈಯಲ್ಲೇ ಇಟ್ಟುಕೊಂಡ. ಹಿಂದಕ್ಕೆ ಕಾಲು ತೆಗೆದಿರಲಿಲ್ಲ. ಬಾಕ್.

3. ಫಸ್ಟ್ ಮತ್ತು ಥರ್ಡ್‌ನಲ್ಲಿ ರನ್ನರ್. ಪಿಚರ್ ಥರ್ಡ್‌ಗೆ ಹುಸಿ ಮಾಡಿ ತಿರುಗಿ ಫಸ್ಟ್‌ಗೆ ಎಸೆದ, ರನ್ನರ್ ಔಟ್. ಮೇಜರ್ ಲೀಗ್ ಪುಸ್ತಕದಲ್ಲಿ ಔಟ್ ಇಲ್ಲ. ಥರ್ಡ್‌ನವನು ಹೋಮ್‌ಗೆ, ಫಸ್ಟ್‌ನವನು ಸೆಕೆಂಡ್‌ಗೆ.

4. ಬೇಸ್ ಖಾಲಿ. ಪಿಚರ್ ಕೈ ಎತ್ತಿ, ನಿಂತು, ಮತ್ತೆ ಎತ್ತಿ ಎಸೆದ. ಎದುರು ಡಗೌಟ್ ಪೂರ್ತಿ ಎದ್ದು ನಿಂತು ಕೂಗುತ್ತಿದೆ. ಹಂತ 1.

5. ಫಸ್ಟ್‌ನಲ್ಲಿ ರನ್ನರ್. ಎಡಗೈ ಪಿಚರ್ ಊರುಗಾಲನ್ನು ಫಟ್ಟನೆ ಹಿಂದಕ್ಕೆ ತೆಗೆದು, ಎತ್ತುಗಾಲು ಎತ್ತದೆಯೇ ಫಸ್ಟ್‌ಗೆ ಎಸೆದ. ಹೆಜ್ಜೆ ಇಡಲಿಲ್ಲ ಅಂತ ಕೂಗುತ್ತಾರೆ. ಇಡಬೇಕಿಲ್ಲ, ಅವನೀಗ ಇನ್‌ಫೀಲ್ಡರ್. ಬಾಕ್ ಅಲ್ಲ. ಆದರೆ ಚೆಂಡು ಬೇಸ್‌ಮನ್‌ನ ತಲೆ ಮೇಲಿಂದ ಡಗೌಟ್‌ಗೆ ಹೋಯಿತು ಅಂತಿಟ್ಟುಕೊಳ್ಳಿ. ರನ್ನರ್‌ಗೆ ಥರ್ಡ್ ಬೇಸ್.